ಡ್ಯೂಕ್ ಎಲಿಂಗ್ಟನ್ ಟ್ಯೂನುಗಳು ಯಾರವು?

ಪ್ರಶ್ನೆ: ಈಚೆಗೆ ಜಾಝ್ ಕೇಳಲು ಶುರು ಮಾಡಿದ್ದೇನೆ. ಡ್ಯೂಕ್ ಎಲಿಂಗ್ಟನ್ ದೊಡ್ಡ ಸಂಯೋಜಕರು ಅಂತಾರೆ. ಆದರೆ ಅವರ ಹೆಸರಾಂತ ಟ್ಯೂನುಗಳಲ್ಲಿ ಕೆಲವು ಬ್ಯಾಂಡಿನವರದ್ದೇ ಅಂತಲೂ ಓದಿದೆ. ಹಾಗಾದರೆ ಅವರು ಮಾಡಿದ್ದೇನು?

ಉತ್ತರ: ನೀವು ಓದಿದ್ದು ಸುಳ್ಳಲ್ಲ. 'ಟೇಕ್ ದಿ ಎ ಟ್ರೈನ್' ಬರೆದವರು ಎಲಿಂಗ್ಟನ್ ಜೊತೆ ಕೆಲಸ ಮಾಡುತ್ತಿದ್ದ ಸಂಯೋಜಕ ಬಿಲ್ಲಿ ಸ್ಟ್ರೇಹಾರ್ನ್. 1941ರಲ್ಲಿ ರಾಯಲ್ಟಿ ಜಗಳದಿಂದ ಅಸ್ಕ್ಯಾಪ್ ಎಂಬ ಸಂಯೋಜಕರ ಸಂಘದವರ ಹಾಡುಗಳು ಅಮೆರಿಕದ ರೇಡಿಯೋದಲ್ಲಿ ಬರುವುದೇ ನಿಂತಿತ್ತು. ಎಲಿಂಗ್ಟನ್ ಆ ಸಂಘದ ಸದಸ್ಯರು, ಸ್ಟ್ರೇಹಾರ್ನ್ ಅಲ್ಲ. ಹಾಗಾಗಿ ರೇಡಿಯೋದಲ್ಲಿ ನುಡಿಸಬಹುದಾಗಿದ್ದ ಸ್ಟ್ರೇಹಾರ್ನ್ ಟ್ಯೂನೇ ಬ್ಯಾಂಡಿನ ಗುರುತಿನ ಟ್ಯೂನ್ ಆಯಿತು. 'ಕ್ಯಾರವಾನ್' ಕೂಡ ಟ್ರಾಂಬೋನ್ ನುಡಿಸುತ್ತಿದ್ದ ಹ್ವಾನ್ ಟಿಸೋಲ್ ಅವರ ಕೈಯಿಂದ ಬಂದದ್ದು.

ಆದರೆ 1930ರ 'ಮೂಡ್ ಇಂಡಿಗೊ' ಒಮ್ಮೆ ಕೇಳಿ. (ಅದರಲ್ಲೂ ಕ್ಲಾರಿನೆಟ್‌ನ ಬಾರ್ನಿ ಬಿಗಾರ್ಡ್ ಪಾಲಿದೆ, ಇರಲಿ.) ಟ್ರಂಪೆಟ್, ಟ್ರಾಂಬೋನ್, ಕ್ಲಾರಿನೆಟ್ ಮೂರು ಒಟ್ಟಿಗೆ ಬಂದರೆ ಕ್ಲಾರಿನೆಟ್ ಮೇಲೆ, ಟ್ರಾಂಬೋನ್ ಕೆಳಗೆ ಇರುವುದು ರೂಢಿ. ಎಲಿಂಗ್ಟನ್ ಇದನ್ನು ತಲೆಕೆಳಗು ಮಾಡಿದರು. ಟ್ರಾಂಬೋನ್‌ಗೆ ಮ್ಯೂಟ್ (ದನಿ ತಗ್ಗಿಸಲು ವಾದ್ಯದ ಬಾಯಿಗೆ ಇಡುವ ಮುಚ್ಚಳ) ಹಾಕಿಸಿ ಮೇಲಕ್ಕೆ ಹತ್ತಿಸಿ, ಕ್ಲಾರಿನೆಟ್ಟನ್ನು ಮಂದ್ರಕ್ಕೆ ಇಳಿಸಿದರು. ಮೂರೂ ಬೆರೆತು ಬರುವ ಆ ಮಬ್ಬು ದನಿ ಯಾವ ವಾದ್ಯದ್ದು ಅಂತ ಥಟ್ಟನೆ ಗೊತ್ತಾಗುವುದೇ ಇಲ್ಲ! ಅವರ ಕೈಚಳಕ ಇರುವುದು ಇಲ್ಲಿ. ಸುಮ್ನೆ 'ಸ್ಯಾಕ್ಸ್‌ಗೆ' (ಸ್ಯಾಕ್ಸೊಫೋನ್‌ಗೆ) ಅಂತ ಬರೆಯದೆ, ಅದನ್ನು ನುಡಿಸುತ್ತಿದ್ದ ಜಾನಿ ಹಾಡ್ಜಸ್‌ಗೆ, ಹ್ಯಾರಿ ಕಾರ್ನಿಗೆ ಅಂತ ಬರೆಯುತ್ತಿದ್ದರು. ಯಾರ ಉಸಿರು ಎಲ್ಲಿ ಚೆನ್ನ ಅಂತ ಅವರಿಗೆ ಗೊತ್ತಿತ್ತು, ಯಾಕೆಂದರೆ ಎಷ್ಟೋ ಜನ ವರ್ಷಗಟ್ಟಲೆ ಜೊತೆಗಿದ್ದರು: ಕಾರ್ನಿ 1927ರಲ್ಲಿ ಸೇರಿದವರು, 1974ರಲ್ಲಿ ಎಲಿಂಗ್ಟನ್ ತೀರಿಕೊಳ್ಳುವವರೆಗೂ ಇದ್ದರು. ದೊಡ್ಡ ಬ್ಯಾಂಡುಗಳು ಒಂದೊಂದೇ ಮುಚ್ಚಿದ ಕಾಲದಲ್ಲೂ ತಮ್ಮ ರಾಯಲ್ಟಿ ಹಣ ಸುರಿದು ಎಲಿಂಗ್ಟನ್ ಬ್ಯಾಂಡ್ ಉಳಿಸಿಕೊಂಡರು. ಟ್ಯೂನ್ ಬೇರೆಯವರದಾದರೂ ಅದು ಎಲಿಂಗ್ಟನ್ ಸಂಗೀತವೇ ಅನ್ನುವುದು ನನ್ನ ಲೆಕ್ಕ. ಹೆಸರು ಹಂಚಿಕೊಳ್ಳುವಾಗ ಅವರು ಇನ್ನಷ್ಟು ಧಾರಾಳವಾಗಿ ಇರಬಹುದಿತ್ತು, ಅದೂ ನಿಜ.

ಪ್ರಶ್ನೆ: ಯಾವ ರೆಕಾರ್ಡಿಂಗ್‌ನಿಂದ ಶುರು ಮಾಡಲಿ?

ಉತ್ತರ: 1956ರ ಜುಲೈ 7ರಂದು ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನಡೆದ ಕಛೇರಿ. ಬ್ಯಾಂಡಿನ ಕಥೆ ಮುಗಿಯಿತು ಅಂತ ಜನ ಆಡಿಕೊಳ್ಳುತ್ತಿದ್ದ ಹೊತ್ತು. ಅವತ್ತು ಪಾಲ್ ಗೊನ್ಸಾಲ್ವಿಸ್ ಟೆನರ್ ಸ್ಯಾಕ್ಸ್ ಹಿಡಿದು ಬ್ಲೂಸ್‌ನ 12 ಬಾರ್‌ಗಳ (ತಾಳದ ಆವರ್ತಗಳ) ಸುತ್ತನ್ನು ಬಿಡದೆ 27 ಸಲ ನುಡಿಸಿದರು, ಕೂತಿದ್ದವರೆಲ್ಲ ಎದ್ದು ಕುಣಿದರು. ಮುಂದಿನ ತಿಂಗಳು ಎಲಿಂಗ್ಟನ್ 'ಟೈಮ್' ಪತ್ರಿಕೆಯ ಮುಖಪುಟದಲ್ಲಿದ್ದರು.

ಆದರೆ ಹಳೇ ಎಲ್‌ಪಿ ಬೇಡ. ಅದರಲ್ಲಿ ಎಷ್ಟೋ ಭಾಗ ಆಮೇಲೆ ಸ್ಟುಡಿಯೋದಲ್ಲಿ ನುಡಿಸಿ, ಚಪ್ಪಾಳೆ ಸೇರಿಸಿದ್ದು. ಸಾಲದ್ದಕ್ಕೆ ಗೊನ್ಸಾಲ್ವಿಸ್ ರೆಕಾರ್ಡಿಂಗ್ ಕಂಪನಿಯ ಮೈಕ್ ಬಿಟ್ಟು 'ವಾಯ್ಸ್ ಆಫ್ ಅಮೆರಿಕ' ರೇಡಿಯೋ ಮೈಕಿಗೆ ನುಡಿಸಿಬಿಟ್ಟಿದ್ದರು! ಆ ರೇಡಿಯೋ ಟೇಪ್ ಸಿಕ್ಕ ಮೇಲೆ ಅದನ್ನೂ ಕಂಪನಿಯ ಟೇಪನ್ನೂ ಜೋಡಿಸಿ 1999ರಲ್ಲಿ ಎರಡು ಸಿಡಿಗಳಲ್ಲಿ ತಂದರು, ಅದನ್ನೇ ಹುಡುಕಿ.