ಸ್ವೀಡನ್ನಿನ ಮುತ್ತಜ್ಜನ ಊರು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಸೊಸೆ ಅಮೆರಿಕದ ಮಿನ್ನೆಸೋಟದವಳು. ಅವಳ ಮುತ್ತಜ್ಜ ಜಾನ್ ಪೀಟರ್ಸನ್ 1880ರ ದಶಕದಲ್ಲಿ ಸ್ವೀಡನ್ನಿನ ಸ್ಮೋಲಂಡ್‌ನಿಂದ ವಲಸೆ ಬಂದವರಂತೆ. ಅಲ್ಲಿನ ಸ್ಥಳೀಯ ಪರಂಪರೆ ಸಂಘಕ್ಕೆ ಬರೆದರೆ ಅವರ ಊರು ತಿಳಿದೀತೇ?

ಉತ್ತರ: ಈಗಲೇ ಬರೆಯಬೇಡಿ. ಸ್ಮೋಲಂಡ್ ಒಂದು ಇಡೀ ಪ್ರಾಂತ್ಯ. ಹೆಂಬಿಗ್ಡ್ಸ್‌ಫೋರೆನಿಂಗ್ ಎಂಬ ಈ ಸಂಘಗಳೋ ಒಂದೊಂದು ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದ, ಮಟ್ಟಿಗೆ ಇರುವಂಥವು. ಮೊದಲು ಪ್ಯಾರಿಷ್ ಗೊತ್ತಾಗಬೇಕು, ಅದರ ಸುಳಿವು ಹೆಚ್ಚಾಗಿ ಅಮೆರಿಕದಲ್ಲೇ ಇರುತ್ತದೆ. ಅವರು ಸೇರಿದ್ದ ಸ್ವೀಡಿಷ್ ಲೂಥರನ್ ಚರ್ಚಿನ ಸದಸ್ಯರ ಪುಸ್ತಕ ನೋಡಿ. ಹುಟ್ಟಿದ ದಿನ, ಹುಟ್ಟೂರ ಪ್ಯಾರಿಷ್ ಎರಡನ್ನೂ ಅದರಲ್ಲಿ ಬರೆಯುವ ರೂಢಿಯಿತ್ತು. ಇಂಥ ಪುಸ್ತಕಗಳ ಪ್ರತಿಗಳು ಇಲಿನಾಯ್ಸ್‌ನ ರಾಕ್ ಐಲೆಂಡಿನಲ್ಲಿರುವ, ಸ್ವೀಡಿಷ್ ವಲಸೆಯ ಅಧ್ಯಯನಕ್ಕೆ ಮೀಸಲಾದ ಸ್ವೆನ್ಸನ್ ಕೇಂದ್ರದಲ್ಲಿವೆ. 1906ಕ್ಕೆ ಮುಂಚಿನ ಪೌರತ್ವ ಕಾಗದಗಳನ್ನು ನಂಬಿ ಕೂರಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ದೇಶದ ಹೆಸರಷ್ಟೇ ಇರುತ್ತದೆ.

ಹೆಸರಿಗಿಂತ ಹುಟ್ಟಿದ ದಿನಾಂಕವನ್ನು ಬಿಗಿಯಾಗಿ ಹಿಡಿಯಿರಿ. ಜಾನ್ ಅಲ್ಲಿ ಯೋಹಾನ್ ಆಗಿರಬಹುದು, ಯೋಹಾನ್ನೆಸ್ ಆಗಿರಬಹುದು. ಪೀಟರ್ಸನ್ ಎಂಬುದು ಪೆಟ್ಟೆರ್ಸನ್, ಪೇರ್ಸನ್ ಏನೂ ಆಗಿರಬಹುದು. ತಂದೆಯ ಹೆಸರೇ ಮಗನ ಉಪನಾಮವಾಗುತ್ತಿದ್ದ ಕಾಲ ಅದು. ಸೈನಿಕನಾಗಿದ್ದವನಿಗೆ ಸೇನೆ ಕೊಟ್ಟ ಹೆಸರು ಬೇರೆಯೇ.

ಸ್ವೀಡನ್ನಿನ ಯೋತೆಬೊರಿ (ಗೋಥೆನ್‌ಬರ್ಗ್) ಬಂದರಿನ ಪೊಲೀಸರ ಪ್ರಯಾಣಿಕರ ಪಟ್ಟಿ 1869ರಿಂದ ಸಿಗುತ್ತದೆ. ಬಹಳ ಮಂದಿ ಅಲ್ಲಿಂದ ಇಂಗ್ಲೆಂಡಿನ ಹಲ್‌ಗೆ ಹಡಗಿನಲ್ಲಿ, ಹಲ್‌ನಿಂದ ಲಿವರ್‌ಪೂಲಿಗೆ ರೈಲಿನಲ್ಲಿ ಹೋಗಿ, ಅಲ್ಲಿ ಇನ್ನೊಂದು ಹಡಗು ಹತ್ತಿದರು. ನ್ಯೂಯಾರ್ಕಿನಲ್ಲಿ ದಾಖಲಾದ ಹಡಗಿನ ಹೆಸರು ಹಿಡಿದು ಯೋತೆಬೊರಿ ಪಟ್ಟಿಯಲ್ಲಿ ಹುಡುಕಿದವರು ಎಡವುವುದು ಇಲ್ಲೇ. ನ್ಯೂಯಾರ್ಕಿನ ವಲಸಿಗರ ತಪಾಸಣಾ ಕೇಂದ್ರ ಎಲ್ಲಿಸ್ ಐಲೆಂಡ್ ತೆರೆದದ್ದು 1892ರಲ್ಲಿ, ಹಾಗಾಗಿ ನಿಮಗೆ ಬೇಕಾದದ್ದು ಅದಕ್ಕೂ ಮುಂಚಿನ ಕೇಂದ್ರವಾದ ಕಾಸಲ್ ಗಾರ್ಡನ್ ಕಾಲದ ದಾಖಲೆ.

ಪ್ಯಾರಿಷ್ ಸಿಕ್ಕಿತೆನ್ನಿ. ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರ ರಿಕ್ಸ್‌ಅರ್ಕಿವೆಟ್‌ನಲ್ಲಿ ಚರ್ಚಿನ ಪುಸ್ತಕಗಳ ಡಿಜಿಟಲ್ ಪ್ರತಿಗಳನ್ನು 2018ರಿಂದ ಉಚಿತವಾಗಿ ನೋಡಬಹುದು. ಊರು ಬಿಟ್ಟವರ ಪಟ್ಟಿಯಲ್ಲಿ ಹೊರಟ ವರ್ಷ ಹುಡುಕಿ. ಅಲ್ಲಿ ಸಾಮಾನ್ಯವಾಗಿ ಕಾಣುವ ಪುಟಸಂಖ್ಯೆ ಹಿಡಿದು, ಪಾದ್ರಿ ಮನೆಮನೆಯವರ ಧರ್ಮಜ್ಞಾನ ಪರೀಕ್ಷಿಸಿ ಬರೆದಿಟ್ಟ ಪುಸ್ತಕಕ್ಕೆ ಹೋಗಿ. ಅದು ಹೊಲಮನೆಗಳ ಕ್ರಮದಲ್ಲಿದೆ, ವ್ಯಕ್ತಿಗಳ ಹೆಸರಿನ ಕ್ರಮದಲ್ಲಿ ಅಲ್ಲ. ಇಡೀ ಕುಟುಂಬ, ಎಲ್ಲರ ಜನ್ಮದಿನ, ಎಲ್ಲಕ್ಕಿಂತ ಮುಖ್ಯವಾಗಿ ಹೊಲಮನೆಯ ಹೆಸರು ಒಂದೇ ಕಡೆ ಕೈಗೆ ಬರುತ್ತದೆ.

ಈಗ ಸಂಘಕ್ಕೆ ಬರೆಯಿರಿ. ಅಲ್ಲಿ ಕೆಲಸ ಮಾಡುವವರು ಬಹುತೇಕ ಸ್ವಯಂಸೇವಕರು. ಸ್ವೀಡಿಷ್‌ನಲ್ಲಿ ನಾಲ್ಕೇ ಸಾಲು ಸಾಕು: ಹೊಲಮನೆಯ ಹೆಸರು, ಜನ್ಮದಿನ, ಹೊರಟ ವರ್ಷ, ಒಂದೇ ಪ್ರಶ್ನೆ. ‘ವಂಶದ ಬಗ್ಗೆ ಏನಿದ್ದರೂ ಕಳುಹಿಸಿ’ ಎಂದರೆ ಯಾರೂ ಏನೂ ಮಾಡಲಾರರು. ಹಳೆಯ ಮನೆಗಳ ಫೋಟೊ, ಅಳಿದುಹೋದ ಗುಡಿಸಲುಗಳ ಜಾಗದ ಪಟ್ಟಿ, ಅಮೆರಿಕದಿಂದ ಬಂದ ಪತ್ರಗಳು ಇಂಥ ಸಂಘಗಳಲ್ಲಿ ಇರುವುದುಂಟು. ನಿಮ್ಮಲ್ಲಿರುವ ಕುಟುಂಬದ ಫೋಟೊದ ಪ್ರತಿಯನ್ನೂ ಜೊತೆಗಿಡಿ. ಅವರ ಸಂಗ್ರಹದಲ್ಲಿ ಹೆಸರಿಲ್ಲದೆ ಉಳಿದ ಮುಖಗಳಿಗೆ ಅದು ಗುರುತು ಕೊಟ್ಟೀತು.

ಪ್ರಶ್ನೆ: ಊರು ಬಿಟ್ಟವರ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ?

ಉತ್ತರ: ಸೇನಾ ಸೇವೆ ತಪ್ಪಿಸಿಕೊಳ್ಳಲು ಪಾದ್ರಿಗೆ ತಿಳಿಸದೆ ಹೋದ ಯುವಕರಿದ್ದರು. ಕೋಪನ್‌ಹೇಗನ್ ಅಥವಾ ನಾರ್ವೆಯ ಬಂದರುಗಳ ಪಟ್ಟಿ ನೋಡಿ. ಅಲ್ಲೂ ಇಲ್ಲವಾದರೆ ಒಡಹುಟ್ಟಿದವರ ಜಾಡು ಹಿಡಿಯಿರಿ. ಒಬ್ಬರ ಹಿಂದೆ ಒಬ್ಬರು ಅದೇ ಊರಿಗೆ ಹೋಗುವುದು ಸಾಮಾನ್ಯವಾಗಿತ್ತು.