ಫ್ರೀಜರಿನ ಬಂಗುಡೆಗೆ ಕಮಟು ವಾಸನೆ ಬಂದದ್ದು

ಗಾಳಿ ತಾಗಿ ಮೀನಿನ ಎಣ್ಣೆ ಕೆಟ್ಟಿರಬೇಕು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ಬಲೆ ಎಳೆದು ಮೀನು ಹಿಡಿಯಬಾರದೆಂಬ ಟ್ರಾಲಿಂಗ್ ನಿಷೇಧಕ್ಕೆ ಮೊದಲು ಕಾಸರಗೋಡಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಐದು ಕಿಲೋ ಬಂಗುಡೆಯನ್ನು ಒಂದೇ ಚೀಲದಲ್ಲಿಟ್ಟೆ, ತಿಂಗಳಿಗೆ ಹಳದಿಯಾಗಿ ಕಮಟಿತು ಎಂದಿದ್ದೀರಿ. ಬಂಗುಡೆ, ಬೂತಾಯಿಯಂಥ ಜಿಡ್ಡಿನ ಮೀನಿಗೆ ಈ ಕಾಟ ಹೆಚ್ಚು. ಅದನ್ನು ಹುಳಿ, ಖಾರ ಹೆಚ್ಚಿಸಿ ಉಳಿಸಲು ಹೋಗಬೇಡಿ; ತೆಂಗಿನ ಬುಡಕ್ಕೆ ಹಾಕಿ.

ಮುಂದಿನ ಸಲ ತಂದ ದಿನವೇ ಕಿವಿರು, ಕರುಳು ತೆಗೆದು ತೊಳೆಯಿರಿ. ಒಂದು ಹೊತ್ತಿನ ಸಾರಿಗೆ ಬೇಕಾದಷ್ಟನ್ನೇ ಡಬ್ಬಿಗೆ ಹಾಕಿ, ಮೀನು ಪೂರ್ತಿ ಮುಳುಗುವಷ್ಟು ತಣ್ಣೀರು ಸುರಿದು ಹೆಪ್ಪುಗಟ್ಟಿಸಿ. ಬಾಲ ಕೂಡ ಹೊರಗಿಣುಕಬಾರದು. ನೀರು ಗಡ್ಡೆಯಾಗುವಾಗ ಹಿಗ್ಗುತ್ತದೆ, ಮೇಲೆ ಒಂದು ಬೆರಳು ಜಾಗ ಬಿಡಿ. ತಾರೀಖು ಬರೆದಿಡಿ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ಕರಗಿಸಿ; ಕರಗಿದ್ದನ್ನು ಮತ್ತೆ ಫ್ರೀಜರಿಗಿಡಬೇಡಿ.

ಫ್ರಿಜ್ ಯಾವ ಬಗೆಯದೆಂದು ನೀವು ಬರೆದಿಲ್ಲ. ಒಂದೇ ಬಾಗಿಲಿನದಾದರೆ ಐದು ಕಿಲೋ ದುರಾಸೆಯೇ ಸರಿ: ಬೇಕಾದದ್ದು ಮೈನಸ್ 18 ಡಿಗ್ರಿ, ಆ ಪುಟ್ಟ ಪೆಟ್ಟಿಗೆ ಅಷ್ಟು ತಣ್ಣಗಾಗುವುದು ಕಷ್ಟ, ಜೊತೆಗೆ ಮಳೆಗಾಲದ ಕರೆಂಟು. ಎರಡು ಕಿಲೋ ಇಟ್ಟು ಮೂರು ವಾರದೊಳಗೆ ಮುಗಿಸಿ. ಕೇರಳದ ನಿಷೇಧ ಜುಲೈ 31ರವರೆಗೆ, ಒಟ್ಟು 52 ದಿನ. ಮಿಕ್ಕ ದಿನಗಳಿಗೆ ಒಣಮೀನು ಕೊಂಡಿಡಿ.