ಗೇಟ್ ಮಾಕ್ ಟೆಸ್ಟ್‌ನಲ್ಲಿ 33 ಅಂಕ: ಮಂಡ್ಯದ ಓದುಗರಿಗೆ ಸಂಪಾದಕರ ಉತ್ತರ

ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿನಿಯೊಬ್ಬರು ನಮಗೆ ಉದ್ದನೆಯ ಕಾಗದ ಬರೆದಿದ್ದಾರೆ. ಎಂ.ಟೆಕ್ ಸೇರುವ ಆಸೆಯಿಂದ ಫೆಬ್ರವರಿಯ ಗೇಟ್ ಪರೀಕ್ಷೆಗೆ ಅರ್ಜಿ ಹಾಕಿದ್ದಾರೆ, ಉಳಿದಿರುವುದು ಹತ್ತು ವಾರ. ಈಚೆಗೆ ಬರೆದ ಮಾಕ್ ಟೆಸ್ಟ್‌ನಲ್ಲಿ ನೂರಕ್ಕೆ 33 ಬಂದಿದೆ, ಬೇಕಿರುವುದು 55. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಭಾಷೆ, ಸಾಮಾನ್ಯ ಗಣಿತ, ತರ್ಕ ಕೇಳುವ ಜನರಲ್ ಆಪ್ಟಿಟ್ಯೂಡ್ ಭಾಗದ ಇಂಗ್ಲಿಷ್ ಕಂಡರೆ ಭಯ. ಕಾಲೇಜು ಮುಗಿಸಿಕೊಂಡು ದಿನಾ ಮೈಸೂರಿಗೆ ಹೋಗಿ ಕೋಚಿಂಗ್ ಸೇರಲೇ, ಇನ್ನೂ ಓದಲು ಬಾಕಿ ಇರುವ ಮೂರು ವಿಷಯಗಳನ್ನು ಮೊದಲು ಮುಗಿಸಲೇ ಎಂದು ಕೇಳಿದ್ದಾರೆ. ಮಾಕ್ ಟೆಸ್ಟ್‌ನ ವಿವರವನ್ನೂ ಜೊತೆಗಿಟ್ಟಿರುವುದರಿಂದ ಬರೀ ಸಮಾಧಾನ ಹೇಳದೆ ಲೆಕ್ಕ ಹಾಕಿಯೇ ಉತ್ತರಿಸಬಹುದು.

ನಿಮ್ಮ ವಿವರ ಹೀಗಿದೆ. 65 ಪ್ರಶ್ನೆಗಳಲ್ಲಿ 61ಕ್ಕೆ ಉತ್ತರಿಸಿದ್ದೀರಿ. ನಾಲ್ಕರಲ್ಲಿ ಒಂದನ್ನು ಆರಿಸುವ ಎಂಸಿಕ್ಯೂಗಳಲ್ಲಿ ಒಂದು ಅಂಕದವು 12, ಎರಡು ಅಂಕದವು 9 ತಪ್ಪಾಗಿವೆ. ತಪ್ಪಿಗೆ ಮೂರನೇ ಒಂದು ಭಾಗ ಕಳೆಯುತ್ತಾರೆ: ಒಂದು ಅಂಕದವುಗಳಿಂದ 4, ಎರಡು ಅಂಕದವುಗಳಿಂದ 6, ಒಟ್ಟು 10 ಅಂಕ ಹೋಯಿತು. ಅಂದರೆ ನೀವು ದುಡಿದದ್ದು 43, ಕೈಗೆ ಬಂದದ್ದು 33. ಬಾಕಿ ವಿಷಯಗಳ ಚಿಂತೆಗಿಂತ ಮೊದಲು ಆ ಹತ್ತು ಅಂಕಗಳ ಚಿಂತೆ ಮಾಡಿ. ಈ ಹಂತದಲ್ಲಿ ಅಂಕ ಏರುವುದು ಹೊಸ ಅಧ್ಯಾಯಗಳಿಂದಲ್ಲ, ಗೊತ್ತಿದ್ದೂ ಕಳೆದುಕೊಳ್ಳುತ್ತಿರುವುದನ್ನು ಉಳಿಸಿಕೊಳ್ಳುವುದರಿಂದ.

ಊಹೆ ಮಾಡಬೇಕೋ ಬೇಡವೋ ಎಂಬುದಕ್ಕೂ ಲೆಕ್ಕವಿದೆ. ಏನೂ ತಿಳಿಯದೆ ನಾಲ್ಕರಲ್ಲಿ ಒಂದನ್ನು ಒತ್ತಿದರೆ ಸರಾಸರಿ ಲಾಭ ಸೊನ್ನೆ, ಹೋಗುವುದು ಸಮಯ ಮಾತ್ರ. ಒಂದು ಆಯ್ಕೆ ಖಂಡಿತ ಅಲ್ಲವೆಂದು ಹೊಡೆದು ಹಾಕಿದರೆ ಒಂದು ಅಂಕದ ಪ್ರಶ್ನೆಯಲ್ಲಿ ಸರಾಸರಿ ಲಾಭ ಒಂಬತ್ತನೇ ಒಂದು ಭಾಗ, ಎರಡನ್ನು ಹೊಡೆದು ಹಾಕಿದರೆ ಮೂರನೇ ಒಂದು ಭಾಗ. ಹಾಗಾಗಿ ಎರಡು ಆಯ್ಕೆಗಳನ್ನು ಕಾರಣ ಸಮೇತ ತೆಗೆಯಲು ಆದರೆ ಒತ್ತಿ, ಇಲ್ಲದಿದ್ದರೆ ಮುಂದೆ ಹೋಗಿ. ‘ಇದೇ ಇರಬೇಕು ಅನಿಸುತ್ತೆ’ ಎಂಬುದನ್ನು ಕಾರಣವೆಂದು ಎಣಿಸಬೇಡಿ. ಎಂಸಿಕ್ಯೂಗಳಲ್ಲಿ ತಪ್ಪು ಆಯ್ಕೆಗಳನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆಂದು ನೋಡಿಯೇ ಇಡುತ್ತಾರೆ, ಅರ್ಧ ತಿಳಿದವರಿಗೆ ಅವೇ ಸರಿಯಾಗಿ ಕಾಣುತ್ತವೆ.

ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಎಂಎಸ್‌ಕ್ಯೂ ಮತ್ತು ಸಂಖ್ಯೆ ತುಂಬುವ ನ್ಯಾಟ್ ಪ್ರಶ್ನೆಗಳ ಕಥೆ ಬೇರೆ. ಇವೆರಡಕ್ಕೂ ನೆಗೆಟಿವ್ ಮಾರ್ಕ್ ಇಲ್ಲ, ಆದ್ದರಿಂದ ಖಾಲಿ ಬಿಡುವುದರಲ್ಲಿ ಅರ್ಥವಿಲ್ಲ. ಆದರೆ ಎಂಎಸ್‌ಕ್ಯೂನಲ್ಲಿ ಸರಿಯಾದ ಎಲ್ಲವನ್ನೂ ಒತ್ತಿರಬೇಕು, ತಪ್ಪಾದ ಒಂದನ್ನೂ ಒತ್ತಿರಬಾರದು. ಮೂರರಲ್ಲಿ ಎರಡು ಸರಿಯಾಗಿ ಗುರುತಿಸಿದರೂ ಸೊನ್ನೆಯೇ. ನೀವು ಖಾಲಿ ಬಿಟ್ಟ ನಾಲ್ಕರಲ್ಲಿ ಮೂರು ನ್ಯಾಟ್ ಪ್ರಶ್ನೆಗಳು. ಎಚ್ಚರಿಕೆ ಇರಬೇಕಾದ ಕಡೆ ಧೈರ್ಯ ಮಾಡಿದ್ದೀರಿ, ಧೈರ್ಯ ಮಾಡಬೇಕಾದ ಕಡೆ ಹಿಂಜರಿದಿದ್ದೀರಿ.

ನ್ಯಾಟ್‌ನಲ್ಲಿ ಲೆಕ್ಕ ಗೊತ್ತಿದ್ದವರೂ ಸೋಲುವುದು ಸಣ್ಣ ಜಾಗಗಳಲ್ಲಿ. 327 ಮತ್ತು 27 ಡಿಗ್ರಿ ಸೆಲ್ಸಿಯಸ್ ನಡುವೆ ನಡೆಯುವ ಕಾರ್ನೋ ಎಂಜಿನ್‌ನ ದಕ್ಷತೆ ಕೇಳಿದರೆ ಕೆಲ್ವಿನ್‌ಗೆ ಬದಲಾಯಿಸಿದವರಿಗೆ 0.50 ಬರುತ್ತದೆ, ಮರೆತವರಿಗೆ 0.92. ಸ್ಪ್ರಿಂಗ್ ಬಿಗಿತ ಮೀಟರಿಗೆ 1600 ನ್ಯೂಟನ್, ದ್ರವ್ಯರಾಶಿ 4 ಕಿಲೋ ಇದ್ದಾಗ ಸಹಜ ಆವರ್ತನ ಸೆಕೆಂಡಿಗೆ 20 ರೇಡಿಯನ್. ಪ್ರಶ್ನೆ ಹರ್ಟ್ಸ್‌ನಲ್ಲಿ ಕೇಳಿದ್ದರೆ ಉತ್ತರ 3.18. ಎರಡೂ ‘ಸರಿಯಾದ ಲೆಕ್ಕ’ವೇ, ಅಂಕ ಮಾತ್ರ ಒಂದಕ್ಕೇ. ಪ್ರಶ್ನೆ ಓದಿದ ಕೂಡಲೇ ಉತ್ತರದ ಯೂನಿಟ್ ಮತ್ತು ಎಷ್ಟು ದಶಮಾಂಶ ಸ್ಥಾನ ಎಂಬುದನ್ನು ರಫ್ ಹಾಳೆಯಲ್ಲಿ ಬರೆದುಕೊಂಡೇ ಲೆಕ್ಕ ಶುರು ಮಾಡಿ. ನಡುವಿನ ಹಂತಗಳಲ್ಲಿ ಸಂಖ್ಯೆಯನ್ನು ಮೊಟಕು ಮಾಡಬೇಡಿ, ಕೊನೆಯಲ್ಲಿ ಒಂದೇ ಸಲ ರೌಂಡ್ ಆಫ್ ಮಾಡಿ.

ಕ್ಯಾಲ್ಕುಲೇಟರ್ ವಿಷಯ ಹೇಳಲೇಬೇಕು, ಏಕೆಂದರೆ ಮಾಕ್ ಟೆಸ್ಟ್ ಮೊಬೈಲ್‌ನಲ್ಲಿ ಬರೆದೆ ಎಂದಿದ್ದೀರಿ. ಪರೀಕ್ಷೆಗೆ ನಿಮ್ಮ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಪರದೆ ಮೇಲೆ ಕಾಣುವ ಕ್ಯಾಲ್ಕುಲೇಟರನ್ನು ಮೌಸ್‌ನಿಂದ ಒತ್ತಬೇಕು, ಕಾಲೇಜಿನಲ್ಲಿ ಬಳಸುವುದಕ್ಕಿಂತ ಇದು ನಿಧಾನ. ಡಿಗ್ರಿ ಇರಬೇಕಾದಲ್ಲಿ ರೇಡಿಯನ್ ಇದ್ದರೆ ಸೈನ್ 30ಕ್ಕೆ 0.5ರ ಬದಲು ಮೈನಸ್ 0.988 ಬರುತ್ತದೆ. ಮುಂದಿನ ಎಲ್ಲ ಮಾಕ್ ಟೆಸ್ಟ್‌ಗಳನ್ನೂ ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ, ಮೌಸ್ ಹಿಡಿದೇ ಬರೆಯಿರಿ. ಬೆಳಗಿನ ಪಾಳಿ 9.30ರಿಂದ 12.30, ಮಧ್ಯಾಹ್ನದ್ದು 2.30ರಿಂದ 5.30. ಊಟದ ನಂತರದ ಪಾಳಿಯಲ್ಲೂ ಕೂತು ಅಭ್ಯಾಸವಿರಲಿ. ಇನ್ನೊಂದು ಮಾತು: ಉತ್ತರ ಗುರುತಿಸಿ ‘ಸೇವ್ ಅಂಡ್ ನೆಕ್ಸ್ಟ್’ ಒತ್ತದೆ ಪಕ್ಕದ ಪಟ್ಟಿಯಲ್ಲಿರುವ ಬೇರೆ ಪ್ರಶ್ನೆಯ ಸಂಖ್ಯೆ ಒತ್ತಿದರೆ ಆ ಉತ್ತರ ಉಳಿಯುವುದಿಲ್ಲ. ಮೂರು ಗಂಟೆಯ ಗಡಿಬಿಡಿಯಲ್ಲಿ ಇದು ಆಗುತ್ತಲೇ ಇರುತ್ತದೆ.

ಇನ್ನು ಇಂಗ್ಲಿಷ್ ಭಯ. ಜನರಲ್ ಆಪ್ಟಿಟ್ಯೂಡ್‌ಗೆ 15 ಅಂಕ, ಹತ್ತು ಪ್ರಶ್ನೆ. ನೆಗೆಟಿವ್ ಕಳೆಯುವ ಮೊದಲೇ ನಿಮಗೆ ಅದರಲ್ಲಿ ಸಿಕ್ಕಿದ್ದು 6. ಈ ಭಾಗ ಪೂರ್ತಿ ಇಂಗ್ಲಿಷ್ ಅಲ್ಲ: ಶೇಕಡಾ, ಅನುಪಾತ, ಕಾಲ-ಕೆಲಸ, ನಕ್ಷೆ ಓದುವುದು, ತರ್ಕ, ಕಾಗದ ಮಡಚಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಎಂಬಂಥವೂ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಗಣಿತ ಚೆನ್ನಾಗಿ ಕಲಿತವರಿಗೆ ಇವು ಕಷ್ಟವೇನಲ್ಲ. ಆಪ್ಟಿಟ್ಯೂಡ್‌ನ ಪಠ್ಯ ಎಲ್ಲ ಪತ್ರಿಕೆಗಳಿಗೂ ಒಂದೇ ಆದ್ದರಿಂದ ಮೆಕ್ಯಾನಿಕಲ್ ಒಂದನ್ನೇ ಹಿಡಿದು ಕೂರದೆ ಸಿವಿಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್‌ನ ಹಳೆಯ ಪತ್ರಿಕೆಗಳಿಂದಲೂ ಈ ಹತ್ತು ಪ್ರಶ್ನೆಗಳನ್ನು ತೆಗೆದು ಬಿಡಿಸಿ. ದಿನಕ್ಕೆ ಒಂದು ಸೆಟ್, 20 ನಿಮಿಷ. ಇಂಗ್ಲಿಷ್ ಭಾಗದಲ್ಲಿ ತಪ್ಪಾದ ಪದವನ್ನು ವಾಕ್ಯ ಸಮೇತ ಬರೆದಿಡಿ. ಬಿಡಿ ಪದಗಳ ಪಟ್ಟಿ ಉರುಹೊಡೆಯುವುದು ಹತ್ತು ವಾರದಲ್ಲಿ ಕೈಹಿಡಿಯುವುದಿಲ್ಲ.

ಎಂಜಿನಿಯರಿಂಗ್ ಗಣಿತಕ್ಕೆ ಸುಮಾರು 13 ಅಂಕ, ನಿಮಗೆ ಬಂದಿರುವುದು 5. ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ನ್ಯೂಮೆರಿಕಲ್ ಮೆಥಡ್ಸ್ ಮೊದಲು ಹಿಡಿಯಿರಿ. ಐಗನ್ ಮೌಲ್ಯ, ಮ್ಯಾಟ್ರಿಕ್ಸ್‌ನ ರ್‍ಯಾಂಕ್, ನ್ಯೂಟನ್-ರಾಫ್ಸನ್‌ನ ಒಂದು ಹಂತ, ಇಂಥವಕ್ಕೆ ಪ್ರಶ್ನೆಯ ಅಚ್ಚು ಹೆಚ್ಚು ಬದಲಾಗುವುದಿಲ್ಲ.

ಮೂರು ವಿಷಯಗಳು ಬಾಕಿ ಎಂದಿರಿ: ಮಷೀನ್ ಡಿಸೈನ್, ಹೀಟ್ ಟ್ರಾನ್ಸ್‌ಫರ್, ಇಂಡಸ್ಟ್ರಿಯಲ್ ಎಂಜಿನಿಯರಿಂಗ್. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮುಗಿಸಿಬಿಡಿ: ಇನ್ವೆಂಟರಿ, ಪರ್ಟ್-ಸಿಪಿಎಂ, ಲೀನಿಯರ್ ಪ್ರೋಗ್ರಾಮಿಂಗ್, ಕ್ಯೂಯಿಂಗ್. ಹಿಂದಿನ ತಳಹದಿ ಬೇಡ, ಎರಡು ವಾರ ಸಾಕು. ಹೀಟ್ ಟ್ರಾನ್ಸ್‌ಫರ್‌ನಲ್ಲಿ ಕಂಡಕ್ಷನ್ ಮತ್ತು ಹೀಟ್ ಎಕ್ಸ್‌ಚೇಂಜರ್ ಮಾತ್ರ ನೋಡಿ. ಮಷೀನ್ ಡಿಸೈನ್ ಈ ಸಲ ಕೈಬಿಡಿ ಎಂಬುದೇ ನಮ್ಮ ಅಭಿಪ್ರಾಯ. ನೂರಕ್ಕೆ ನೂರು ಪಠ್ಯ ಮುಗಿಸಬೇಕೆಂಬ ಹಟ ನಿಮ್ಮ ಅಂಕಕ್ಕೇ ಕುತ್ತು.

ಕೋಚಿಂಗ್ ಬೇಡ ಎಂಬುದು ನಮ್ಮ ಸ್ಪಷ್ಟ ಮಾತು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಹೋಗಿ ಬರುವುದರಲ್ಲೇ ದಿನಕ್ಕೆ ಎರಡು ಗಂಟೆಗೂ ಮಿಕ್ಕಿ ಹೋಗುತ್ತದೆ, ಅಲ್ಲಿ ಪಾಠ ನಡೆಯುವುದು ನಿಮ್ಮ ತಪ್ಪುಗಳ ಮೇಲಲ್ಲ. ಅರ್ಥವಾಗದ ವಿಷಯಕ್ಕೆ ಐಐಟಿ, ಐಐಎಸ್‌ಸಿ ಅಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ಸಿಗುತ್ತವೆ. ಹಣ ಖರ್ಚು ಮಾಡುವುದೇ ಆದರೆ ಒಂದು ಒಳ್ಳೆಯ ಟೆಸ್ಟ್ ಸೀರೀಸ್‌ಗೆ ಮಾಡಿ. ಮೊದಲ ಆರು ವಾರ ವಾರಕ್ಕೊಂದು ಟೆಸ್ಟ್, ಕೊನೆಯ ನಾಲ್ಕು ವಾರ ಎರಡೆರಡು, ಪರೀಕ್ಷೆಗೆ ಮೂರು ದಿನ ಇದ್ದಾಗ ಯಾವುದೂ ಬೇಡ. ಕಾಲೇಜಿನ ಸೆಮಿಸ್ಟರ್ ಪರೀಕ್ಷೆ ನಡುವೆ ಬಂದರೆ ಆ ವಾರದ ಟೆಸ್ಟ್ ಬಿಡಿ, ದಿನದ ಆಪ್ಟಿಟ್ಯೂಡ್ ಸೆಟ್ ಬಿಡಬೇಡಿ.

ಟೆಸ್ಟ್ ಬರೆದ ಮೂರು ಗಂಟೆಗಿಂತ ಅದನ್ನು ಬಿಚ್ಚಿ ನೋಡುವ ನಾಲ್ಕು ಗಂಟೆ ದೊಡ್ಡದು. ಪ್ರತಿ ತಪ್ಪಿನ ಮುಂದೆ ನಾಲ್ಕರಲ್ಲಿ ಒಂದನ್ನು ಬರೆಯಿರಿ: ವಿಷಯ ಗೊತ್ತಿರಲಿಲ್ಲ, ಪ್ರಶ್ನೆ ತಪ್ಪು ಓದಿದೆ, ಲೆಕ್ಕ ತಪ್ಪಿತು, ಊಹಿಸಿದೆ. ಮೊದಲನೆಯದಕ್ಕೆ ಪುಸ್ತಕ ತೆಗೆಯಬೇಕು, ಉಳಿದ ಮೂರಕ್ಕೆ ಪುಸ್ತಕ ಬೇಕಿಲ್ಲ. ಉತ್ತರ ಓದಿ ‘ಓ, ಹೌದಲ್ಲ’ ಎಂದುಕೊಂಡು ಪುಟ ತಿರುಗಿಸಿದರೆ ಅದೇ ತಪ್ಪು ಮತ್ತೆ ಬರುತ್ತದೆ. ಒಂದು ವಾರ ಬಿಟ್ಟು ಅದೇ ಪ್ರಶ್ನೆಯನ್ನು ಖಾಲಿ ಹಾಳೆಯಲ್ಲಿ ಬಿಡಿಸಿ, ಮೂರು ವಾರಕ್ಕೆ ಮತ್ತೊಮ್ಮೆ.

ಹೀಗೆ ಮಾಡಿದರೆ ಎಷ್ಟು ಬರಬಹುದು? ನೆಗೆಟಿವ್ 10ರಿಂದ 4ಕ್ಕೆ ಇಳಿದರೆ 6 ಅಂಕ, ಆಪ್ಟಿಟ್ಯೂಡ್ 6ರಿಂದ 11ಕ್ಕೆ ಏರಿದರೆ 5, ಗಣಿತ 5ರಿಂದ 9ಕ್ಕೆ ಹೋದರೆ 4. ಅಲ್ಲಿಗೆ 48. ಉಳಿದ ಏಳು ಅಂಕ ನ್ಯಾಟ್‌ನ ಯೂನಿಟ್ ತಪ್ಪುಗಳಿಂದ ಮತ್ತು ಇಂಡಸ್ಟ್ರಿಯಲ್ ಎಂಜಿನಿಯರಿಂಗ್‌ನಿಂದ ಬರಬೇಕು. 55 ಕಷ್ಟ, ಆದರೆ ಆಗದ ಮಾತಲ್ಲ. ಕಟ್‌ಆಫ್ ಬಗ್ಗೆ ಹೇಳುವುದಾದರೆ, ಸಾವಿರಕ್ಕೆ ಕೊಡುವ ಗೇಟ್ ಸ್ಕೋರ್ ನೂರಕ್ಕೆ ಬಂದ ಅಂಕದಿಂದ ನೇರ ಹುಟ್ಟುವುದಿಲ್ಲ. ಆ ವರ್ಷ ಬರೆದವರೆಲ್ಲರ ಅಂಕ ನೋಡಿ ಅದು ನಿಗದಿಯಾಗುತ್ತದೆ. ಹಾಗಾಗಿ ಹೋದ ವರ್ಷ ಇಷ್ಟಕ್ಕೆ ಸೀಟು ಸಿಕ್ಕಿತು ಎಂಬ ಹಾಸ್ಟೆಲ್ ಮಾತನ್ನು ನಂಬಿ ಗುರಿ ಇಳಿಸಬೇಡಿ. ಸ್ಕೋರ್‌ಗೆ ಮೂರು ವರ್ಷ ಮಾನ್ಯತೆ ಇದೆ. ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿಗೆ ಅರ್ಜಿ ಕರೆದಾಗ ಅದನ್ನೂ ಹಾಕಿ, ರಾಜ್ಯದ ಕಾಲೇಜುಗಳ ಎಂ.ಟೆಕ್‌ಗೆ ಅದೂ ದಾರಿ.

ಮೈಸೂರಿನ ಕೇಂದ್ರ ಸಿಕ್ಕಿ ಬೆಳಗಿನ ಪಾಳಿ ಬಂದರೆ ಅಂದು ಮಂಡ್ಯದಿಂದ ಹೊರಡುವ ಸಾಹಸ ಬೇಡ, ಹಿಂದಿನ ಸಂಜೆಯೇ ನೆಂಟರ ಮನೆಗೆ ಹೋಗಿ. ಪರೀಕ್ಷಾ ಕೇಂದ್ರ ಊರಾಚೆಯೂ ಇರಬಹುದು, ಪ್ರವೇಶ ಪತ್ರದಲ್ಲಿರುವ ವಿಳಾಸವನ್ನು ಆ ಸಂಜೆಯೇ ಹೋಗಿ ನೋಡಿಕೊಂಡು ಬನ್ನಿ. ಪ್ರವೇಶ ಪತ್ರದ ಜೊತೆಗೆ ಅರ್ಜಿಯಲ್ಲಿ ಕೊಟ್ಟ ಗುರುತಿನ ಚೀಟಿಯ ಮೂಲ ಪ್ರತಿಯೇ ಇರಲಿ, ಜೆರಾಕ್ಸ್ ನಡೆಯುವುದಿಲ್ಲ.